ಫಿಜಿ ಸೆವೆನ್ಸ್: ದಾಖಲೆ ಪಟ್ಟಿಯ ಎರಡು ಖಾಲಿ ಮನೆಗಳು

‘ಆಟದಲ್ಲಿ ರಾಜಕೀಯ ತರಬೇಡಿ’ ಅನ್ನೋ ಮಾತು ಬಂದಾಗಲೆಲ್ಲ ನಾನು ಮುಂದಿಡುವ ಒಂದು ಸಣ್ಣ ಪಟ್ಟಿ ಇದೆ. ಕಾಮನ್‌ವೆಲ್ತ್ ಕ್ರೀಡಾಕೂಟದ ಪುರುಷರ ರಗ್ಬಿ ಸೆವೆನ್ಸ್‌ನಲ್ಲಿ ಫಿಜಿ ದೇಶದ ಸಾಧನೆ ಅದು. 1998 ಬೆಳ್ಳಿ. 2002 ಬೆಳ್ಳಿ. 2006 ಕಂಚು. 2010 ಖಾಲಿ. 2014 ಖಾಲಿ. 2018 ಬೆಳ್ಳಿ. 2022 ಬೆಳ್ಳಿ.

ಈ ಆಟದಲ್ಲಿ ಎರಡು ಒಲಿಂಪಿಕ್ಸ್ ಚಿನ್ನ, ಮೂರು ವಿಶ್ವಕಪ್ ಗೆದ್ದಿರುವ ತಂಡ ಇದು. ಅಂಥವರು ನಡುವೆ ಎರಡು ಕೂಟಗಳಲ್ಲಿ ಕಣಕ್ಕೇ ಇಳಿಯಲಿಲ್ಲ. ಗಾಯವೂ ಅಲ್ಲ, ಅರ್ಹತಾ ಸುತ್ತಿನ ಸೋಲೂ ಅಲ್ಲ. 2006ರ ಡಿಸೆಂಬರ್‌ನಲ್ಲಿ ಫಿಜಿಯ ಸೇನೆ ಸರ್ಕಾರವನ್ನು ಕಿತ್ತುಹಾಕಿತು. ಚುನಾವಣೆ ನಡೆಸಿ ಅಂದರೆ ಒಪ್ಪಲಿಲ್ಲ. 2009ರ ಸೆಪ್ಟೆಂಬರ್‌ನಲ್ಲಿ ಕಾಮನ್‌ವೆಲ್ತ್ ಒಕ್ಕೂಟ ಆ ದೇಶವನ್ನು ಪೂರ್ತಿಯಾಗಿ ಅಮಾನತು ಮಾಡಿತು. ಮರುವರ್ಷ ದೆಹಲಿಯಲ್ಲಿ ಕೂಟ ನಡೆದಾಗ ನಾವೆಲ್ಲ ಕಲ್ಮಾಡಿ ಹಗರಣದ ಸುದ್ದಿ ಓದುತ್ತಿದ್ದೆವು. ಜಗತ್ತಿನ ಅತಿ ಸೊಗಸಾದ ಸೆವೆನ್ಸ್ ತಂಡ ನಮ್ಮ ರಾಜಧಾನಿಗೆ ಬರಲಿಲ್ಲ ಅನ್ನೋದು ಯಾರ ಗಮನಕ್ಕೂ ಬಂದಿರಲಿಕ್ಕಿಲ್ಲ.

ಹಾಗಾಗಿ ಫಿಜಿಯ ಆಟದ ದಾಖಲೆಯನ್ನು ಅದರ ರಾಜಕೀಯ ಕ್ಯಾಲೆಂಡರ್ ಪಕ್ಕದಲ್ಲೇ ಇಟ್ಟು ಓದಬೇಕು. ಈ ಬರಹದಲ್ಲಿ ಮಾಡಿರೋದು ಅಷ್ಟೇ.

ಏಳು ಜನ, ಹದಿನಾಲ್ಕು ನಿಮಿಷ

ರಗ್ಬಿ ಗೊತ್ತಿಲ್ಲದವರಿಗೆ ಮೊದಲು ಆಟದ ಲೆಕ್ಕ. ಮಾಮೂಲಿ ರಗ್ಬಿಯಲ್ಲಿ ತಂಡಕ್ಕೆ 15 ಜನ, 80 ನಿಮಿಷ. ಸೆವೆನ್ಸ್‌ನಲ್ಲಿ ಏಳೇ ಜನ, ಏಳೇಳು ನಿಮಿಷದ ಎರಡು ಅವಧಿ. ಆದರೆ ಮೈದಾನ ಮಾತ್ರ ಅದೇ: ಸುಮಾರು 100 ಮೀಟರ್ ಉದ್ದ, 70 ಮೀಟರ್ ಅಗಲ. ಎಂಜಿನಿಯರಿಂಗ್ ಓದಿದ ಚಾಳಿ, ಭಾಗಿಸಿ ನೋಡಿದೆ. ಹದಿನೈದರ ಆಟದಲ್ಲಿ ಒಬ್ಬ ಆಟಗಾರನ ಪಾಲಿಗೆ ಸುಮಾರು 233 ಚದರ ಮೀಟರ್ ಬಂದರೆ ಸೆವೆನ್ಸ್‌ನಲ್ಲಿ 500. ನಮ್ಮ ಕಬಡ್ಡಿಯಲ್ಲೂ ಏಳೇ ಜನ, ಆದರೆ 13 ಮೀಟರ್ ಉದ್ದ, 10 ಮೀಟರ್ ಅಗಲದ ಅಂಕಣದಲ್ಲಿ ಒಬ್ಬೊಬ್ಬರಿಗೆ ಸಿಗೋದು ಒಂಬತ್ತು ಚದರ ಮೀಟರ್ ಚಿಲ್ಲರೆ. ಕಬಡ್ಡಿ ಇಕ್ಕಟ್ಟಿನ ಆಟ, ಸೆವೆನ್ಸ್ ಬಯಲಿನ ಆಟ. ಎದುರಾಳಿ ಒಮ್ಮೆ ತಪ್ಪಿಸಿಕೊಂಡನೆಂದರೆ ಹಿಂದೆ ಯಾರೂ ಇರುವುದಿಲ್ಲ.

ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ, ಹಿಂದಕ್ಕೋ ಪಕ್ಕಕ್ಕೋ ಮಾತ್ರ. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ‘ಟ್ರೈ’, ಐದು ಅಂಕ. ಆಮೇಲೆ ಚೆಂಡನ್ನು ಕಂಬಗಳ ನಡುವೆ ಒದ್ದರೆ ಇನ್ನೆರಡು. ಬೇರೆ ತಂಡಗಳು ಹಿಡಿತಕ್ಕೆ ಸಿಕ್ಕರೆ ನೆಲಕ್ಕೆ ಬಿದ್ದು ಚೆಂಡು ಕಾಪಾಡಿಕೊಳ್ಳುವುದೇ ಜಾಸ್ತಿ. ಫಿಜಿಯವರ ಗುರುತು ‘ಆಫ್‌ಲೋಡ್’. ಇಬ್ಬರು ಸೇರಿ ಸೊಂಟ ಹಿಡಿದು ಕೆಡವುತ್ತಿರುವಾಗಲೇ, ಬೀಳುವ ಮೊದಲು, ಒಂದೇ ಕೈಯಲ್ಲಿ, ಎಷ್ಟೋ ಸಲ ತಿರುಗಿಯೂ ನೋಡದೆ ಚೆಂಡನ್ನು ಜೊತೆಗಾರನಿಗೆ ದಾಟಿಸಿಬಿಡೋದು. ಅಲ್ಲಿ ಜೊತೆಗಾರ ಇದ್ದೇ ಇರುತ್ತಾನೆ ಅನ್ನೋ ನಂಬಿಕೆಯ ಮೇಲೆ ನಡೆಯುವ ಆಟ. ಇದನ್ನು ‘ಹುಟ್ಟಿನಿಂದ ಬಂದ ಪ್ರತಿಭೆ’ ಅಂತ ವಿದೇಶಿ ವೀಕ್ಷಕ ವಿವರಣೆಗಾರರು ಹೇಳ್ತಾ ಬಂದಿದ್ದಾರೆ. ನನಗೆ ಈ ಮಾತು ಅಷ್ಟಾಗಿ ಹಿಡಿಸುವುದಿಲ್ಲ. ಸಿಗಟೋಕಾದ ಮರಳು ದಿಬ್ಬಗಳನ್ನು ಕಾಲಿನ ಸ್ನಾಯು ಸುಟ್ಟುಹೋಗುವವರೆಗೆ ಹತ್ತಿ ಇಳಿಯುವ ಅಭ್ಯಾಸಕ್ಕೆ ‘ಹುಟ್ಟು’ ಅಂತ ಹೆಸರಿಟ್ಟರೆ ದುಡಿಮೆ ಮರೆಯಾಗುತ್ತದೆ.

ಹಾಂಗ್‌ಕಾಂಗ್‌ನಿಂದ ಶುರು

ಸೆವೆನ್ಸ್ ಹುಟ್ಟಿದ್ದು 1883ರಲ್ಲಿ, ಸ್ಕಾಟ್ಲೆಂಡಿನ ಮೆಲ್‌ರೋಸ್ ಎಂಬ ಊರಿನಲ್ಲಿ. ಕ್ಲಬ್ಬಿಗೆ ದುಡ್ಡು ಸಾಲದೆ ಮಾಡಿದ ಒಂದು ದಿನದ ಪಂದ್ಯಾವಳಿ ಅದು. ನೆಡ್ ಹೇಗ್ ಅನ್ನೋ ಕಸಾಯಿ ಅಂಗಡಿಯವನ ಐಡಿಯಾ. ವಿಶ್ವಕಪ್ಪಿಗೆ ಈಗಲೂ ಮೆಲ್‌ರೋಸ್ ಕಪ್ ಎಂದೇ ಹೆಸರು. ಅದೇ ಹೊತ್ತಿಗೆ, 1884ರಲ್ಲಿ, ಬ್ರಿಟಿಷ್ ವಸಾಹತಾಗಿದ್ದ ಫಿಜಿಯ ಬಾ ಪಟ್ಟಣದಲ್ಲಿ ಬಿಳಿಯ ಮತ್ತು ಸ್ಥಳೀಯ ಸಿಪಾಯಿಗಳು ಮೊದಲ ಸಲ ರಗ್ಬಿ ಆಡಿದರು. ಸಿಪಾಯಿಗಳು ಅನ್ನೋದು ನೆನಪಿರಲಿ, ಮುಂದೆ ಬೇಕಾಗುತ್ತದೆ.

1976ರಲ್ಲಿ ಹಾಂಗ್‌ಕಾಂಗ್ ಸೆವೆನ್ಸ್ ಶುರುವಾಯಿತು. ಮರುವರ್ಷವೇ ಫಿಜಿ ಅದನ್ನು ಗೆದ್ದಿತು. ಆಮೇಲೆ ಆ ಮೈದಾನ ಫಿಜಿಯ ಎರಡನೇ ತವರಾಯಿತು. 2015ರಿಂದ 2019ರವರೆಗೆ ಸತತ ಐದು ವರ್ಷ ಅಲ್ಲಿ ಬೇರೆ ಯಾರಿಗೂ ಕಪ್ ಬಿಟ್ಟುಕೊಡಲಿಲ್ಲ.

ವಿಶ್ವಕಪ್ ಶುರುವಾಗಿದ್ದು 1993ರಲ್ಲಿ, ಎಡಿನ್‌ಬರೋದಲ್ಲಿ. ಆಗ ಗೆದ್ದದ್ದು ಇಂಗ್ಲೆಂಡ್. 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಫಿಜಿ ದಕ್ಷಿಣ ಆಫ್ರಿಕವನ್ನು 24–21ರಿಂದ ಸೋಲಿಸಿತು. ಆ ಗೆಲುವಿನ ಮುಖ ವೈಸಾಲೆ ಸೆರೇವಿ. ಸೆವೆನ್ಸ್‌ನ ಸಾರ್ವಕಾಲಿಕ ಶ್ರೇಷ್ಠ ಯಾರು ಅಂತ ಕೇಳಿದರೆ ಇವತ್ತಿಗೂ ಮೊದಲು ಬರುವ ಹೆಸರು ಅದೇ. 2005ರಲ್ಲಿ ಅದೇ ಊರಲ್ಲಿ, 36ನೇ ವಯಸ್ಸಿನಲ್ಲಿ, ಸೆರೇವಿ ಮತ್ತೆ ಕಪ್ ಎತ್ತಿದರು. ಫೈನಲ್‌ನಲ್ಲಿ ನ್ಯೂಜಿಲೆಂಡ್ 29–19ರಿಂದ ಸೋತಿತು. ಮೂರನೆಯದು 2022ರ ಸೆಪ್ಟೆಂಬರ್, ಕೇಪ್‌ಟೌನ್. ಮತ್ತೆ ನ್ಯೂಜಿಲೆಂಡ್ ಎದುರು, ಈ ಸಲ 29–12. ನಡುವೆ ಮುಖಭಂಗವೂ ಆಗಿದೆ: 2009ರಲ್ಲಿ ದುಬೈಯಲ್ಲಿ ಕ್ವಾರ್ಟರ್‌ಫೈನಲ್‌ನಲ್ಲೇ ಕೆನ್ಯಾ ಹೊರದಬ್ಬಿತ್ತು.

ವರ್ಷವಿಡೀ ನಡೆಯುವ ವಿಶ್ವ ಸರಣಿ ಬೇರೆ. 1999ರಲ್ಲಿ ಶುರುವಾದ ಅದರ ಮೊದಲ ಆರೂ ಕಿರೀಟ ನ್ಯೂಜಿಲೆಂಡಿನದು. ಆ ಸಾಲನ್ನು 2005–06ರಲ್ಲಿ ಮುರಿದದ್ದು ಫಿಜಿ. ಆಗ ಸೆರೇವಿ ಆಟಗಾರನೂ ಹೌದು, ಕೋಚೂ ಹೌದು. ಆಮೇಲೆ 2014–15, 2015–16, 2018–19. ಒಟ್ಟು ನಾಲ್ಕು.

2005–06ರ ಆ ಕಿರೀಟ ಬಂದ ವರ್ಷದ ಕೊನೆಯಲ್ಲೇ ಸೇನಾ ದಂಗೆಯಾಯಿತು.

ದಂಗೆಗಳ ದೇಶ, ಗಿರ್ಮಿಟ್‌ನ ದೇಶ

ಫಿಜಿಯಲ್ಲಿ ದಂಗೆ ಯಾಕೆ ಅನ್ನೋದಕ್ಕೆ ಉತ್ತರದಲ್ಲಿ ನಮ್ಮವರೂ ಇದ್ದಾರೆ. 1879ರಿಂದ 1916ರವರೆಗೆ ಬ್ರಿಟಿಷರು 60 ಸಾವಿರಕ್ಕೂ ಹೆಚ್ಚು ಭಾರತೀಯರನ್ನು ಕಬ್ಬಿನ ತೋಟದ ಕೂಲಿಗೆ ಅಲ್ಲಿಗೆ ಸಾಗಿಸಿದರು. ಮೊದಮೊದಲು ಕಲ್ಕತ್ತಾದಿಂದ, 1903ರ ನಂತರ ಮದ್ರಾಸಿನಿಂದಲೂ. ‘ಅಗ್ರಿಮೆಂಟ್’ ಅನ್ನೋ ಪದ ಅವರ ಬಾಯಲ್ಲಿ ‘ಗಿರ್ಮಿಟ್’ ಆಯಿತು. ಹುಬ್ಬಳ್ಳಿಯಲ್ಲಿ ಗಿರ್ಮಿಟ್ ಅಂದರೆ ಮಂಡಕ್ಕಿ, ಈರುಳ್ಳಿ, ಮಿರ್ಚಿ ನೆನಪಾಗಬಹುದು. ಫಿಜಿಯಲ್ಲಿ ಅದು ಅಜ್ಜ ಅಜ್ಜಿಯರ ಜೀತದ ಹೆಸರು.

ಇಪ್ಪತ್ತನೇ ಶತಮಾನದ ನಡುವಿನ ಹೊತ್ತಿಗೆ ದೇಶದ ಜನರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಈ ಗಿರ್ಮಿಟಿಯರ ಸಂತತಿಯಾಗಿತ್ತು. ನೆಲದ ಬಹುಪಾಲು ಮಾತ್ರ ಇತೌಕೇಯಿ ಎಂದು ಕರೆಯಲಾಗುವ ಮೂಲನಿವಾಸಿ ಕುಲಗಳ ಕೈಯಲ್ಲೇ ಇತ್ತು. ಇಬ್ಬರನ್ನೂ ಬೇರೆಬೇರೆ ಇಟ್ಟು ಆಳಿದ ಬ್ರಿಟಿಷರು 1970ರಲ್ಲಿ ಹೊರಟುಹೋದರು. 1987ರಲ್ಲಿ ಭಾರತ ಮೂಲದವರ ಬಲದ ಸರ್ಕಾರ ಬಂದ ಕೂಡಲೇ ಸೇನೆಯ ಲೆಫ್ಟಿನೆಂಟ್ ಕರ್ನಲ್ ಸಿಟಿವೇನಿ ರಬುಕಾ ದಂಗೆ ಮಾಡಿದರು, ಒಂದೇ ವರ್ಷದಲ್ಲಿ ಎರಡು ಸಲ. ರಬುಕಾ ಸ್ವತಃ ರಗ್ಬಿ ಆಟಗಾರ. ಫಿಜಿ ಕಾಮನ್‌ವೆಲ್ತ್‌ನಿಂದ ಹೊರಬಿತ್ತು. ಭಾರತ ಮೂಲದವರು ಸಾವಿರಾರು ಸಂಖ್ಯೆಯಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಕೆನಡಾ ದಾರಿ ಹಿಡಿದರು. ಫಿಜಿ ಮತ್ತೆ ಒಕ್ಕೂಟಕ್ಕೆ ಸೇರಿದ್ದು 1997ರಲ್ಲಿ, ಅಂದರೆ ಮೊದಲ ವಿಶ್ವಕಪ್ ಗೆದ್ದ ವರ್ಷವೇ. ಆದ್ದರಿಂದಲೇ 1998ರ ಕ್ವಾಲಾಲಂಪುರ ಕೂಟದಲ್ಲಿ ಸೆವೆನ್ಸ್ ಮೊದಲ ಸಲ ಬಂದಾಗ ಫಿಜಿ ಅಲ್ಲಿತ್ತು.

1999ರಲ್ಲಿ ಮಹೇಂದ್ರ ಚೌಧರಿ ಭಾರತ ಮೂಲದ ಮೊದಲ ಪ್ರಧಾನಿಯಾದರು. ಒಂದೇ ವರ್ಷ. 2000ದಲ್ಲಿ ಜಾರ್ಜ್ ಸ್ಪೈಟ್ ಎಂಬ ಉದ್ಯಮಿಯ ಗುಂಪು ಸಂಸತ್ತಿಗೆ ನುಗ್ಗಿ ಅವರನ್ನು ಒತ್ತೆಯಾಳಾಗಿ ಹಿಡಿಯಿತು. 2006ರಲ್ಲಿ ಸೇನಾ ಮುಖ್ಯಸ್ಥ ಫ್ರಾಂಕ್ ಬೈನಿಮರಾಮ ಅವರ ಸರದಿ. ‘ಜನಾಂಗೀಯ ರಾಜಕಾರಣ ಮುಗಿಸುತ್ತೇನೆ’ ಅಂತ ಬಂದೂಕು ಹಿಡಿದು ಬಂದದ್ದು ಅವರ ವಿಶೇಷ. ಗುರಿ ಒಳ್ಳೆಯದಿದ್ದರೆ ದಾರಿ ಕೇಳಬೇಡಿ ಅನ್ನೋ ವಾದ ನಮಗೆ ಹೊಸದೇನಲ್ಲ.

ದಂಡ ತೆತ್ತವರಲ್ಲಿ ಆಟಗಾರರೂ ಸೇರಿದ್ದರು. ಫಿಜಿಯಲ್ಲಿ ರಗ್ಬಿ ಆಡುವ ಎಷ್ಟೋ ಹುಡುಗರಿಗೆ ಸೇನೆ, ಪೊಲೀಸ್, ಜೈಲು ಇಲಾಖೆಯೇ ಸಂಬಳದ ಮೂಲ. ಸೇನಾಡಳಿತದ ನಂಟಿದ್ದವರಿಗೆ ನ್ಯೂಜಿಲೆಂಡ್ ಪ್ರವೇಶ ನಿರ್ಬಂಧಿಸಿತ್ತು. ಅದರ ಪರಿಣಾಮವಾಗಿ, ಸೈನಿಕನಾಗಿದ್ದ ಲಿಯೋನೆ ನಕರಾವ 2011ರಲ್ಲಿ ಅಲ್ಲಿ ನಡೆದ ಹದಿನೈದರ ವಿಶ್ವಕಪ್ಪಿಗೆ ಹೋಗಲಾಗಲಿಲ್ಲ. ಐದು ವರ್ಷದ ನಂತರ ಒಲಿಂಪಿಕ್ಸ್ ಚಿನ್ನ ಕೊರಳಿಗೆ ಹಾಕಿಕೊಂಡವರಲ್ಲಿ ಅವರೂ ಒಬ್ಬರು.

2014ರ ಕಥೆ ಇನ್ನೂ ಕಹಿ. ಆ ವರ್ಷ ಚುನಾವಣೆಯ ಭರವಸೆ ಸಿಕ್ಕಿ ಅಮಾನತು ಸಡಿಲವಾಯಿತು, ಫಿಜಿಯ ಕ್ರೀಡಾಪಟುಗಳು ಗ್ಲಾಸ್ಗೋಗೆ ಹೋದರು. ಸೆವೆನ್ಸ್ ತಂಡ ಮಾತ್ರ ಹೋಗಲಿಲ್ಲ, ಯಾಕೆಂದರೆ ಅಷ್ಟು ಹೊತ್ತಿಗೆ ರಗ್ಬಿಯ ಜಾಗಗಳೆಲ್ಲ ಹಂಚಿಕೆಯಾಗಿ ಮುಗಿದಿತ್ತು.

ರಿಯೊ: ಆ 43–7

2013ರಲ್ಲಿ ಇಂಗ್ಲೆಂಡಿನ ಬೆನ್ ರಯಾನ್ ಕೋಚ್ ಆಗಿ ಬಂದರು. ಬಂದಾಗ ರಗ್ಬಿ ಒಕ್ಕೂಟದ ಬೊಕ್ಕಸ ಬರಿದಾಗಿತ್ತು, ಮೊದಲ ಕೆಲವು ತಿಂಗಳು ಅವರಿಗೆ ಸಂಬಳವೂ ಇಲ್ಲ. ರಯಾನ್ ಮಾಡಿದ್ದು ದೊಡ್ಡ ಮಾಯವೇನಲ್ಲ: ಊಟ, ನಿದ್ದೆ, ಓಟದ ಶಿಸ್ತು ಸರಿಮಾಡಿದರು, ಆಫ್‌ಲೋಡ್‌ಗೆ ಕೈ ಹಾಕಲಿಲ್ಲ. ಎರಡು ಸರಣಿ ಕಿರೀಟ ಸತತವಾಗಿ ಬಂದವು.

2016ರ ಫೆಬ್ರುವರಿಯಲ್ಲಿ ವಿನ್‌ಸ್ಟನ್ ಚಂಡಮಾರುತ ಅಪ್ಪಳಿಸಿ 44 ಜನ ಸತ್ತರು, ಹಳ್ಳಿಗೆ ಹಳ್ಳಿಗಳೇ ನೆಲಸಮವಾದವು. ಆರು ತಿಂಗಳಿಗೆ ರಿಯೊ. ಒಲಿಂಪಿಕ್ಸ್‌ನಲ್ಲಿ ಸೆವೆನ್ಸ್ ಅದೇ ಮೊದಲು. ಗುಂಪಿನಲ್ಲಿ ಬ್ರೆಜಿಲ್, ಅರ್ಜೆಂಟೀನಾ, ಅಮೆರಿಕ. ಕ್ವಾರ್ಟರ್‌ಫೈನಲ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 12–7, ಉಸಿರು ಬಿಗಿಹಿಡಿದ ಗೆಲುವು. ಸೆಮಿಯಲ್ಲಿ ಜಪಾನ್. ಆಗಸ್ಟ್ 11ರ ಫೈನಲ್‌ನಲ್ಲಿ ಎದುರಿಗಿದ್ದದ್ದು ಬ್ರಿಟನ್, ಅಂದರೆ 96 ವರ್ಷ ಫಿಜಿಯನ್ನು ಆಳಿದ ದೇಶ. ಅರ್ಧ ಆಟಕ್ಕೆ 29–0. ಮುಗಿದಾಗ 43–7.

ಯೂಟ್ಯೂಬಿನಲ್ಲಿ ಆ ಮೊದಲಾರ್ಧ ಹುಡುಕಿ ನೋಡಿ. ಬ್ರಿಟನ್ನಿನವರು ಕೆಟ್ಟದಾಗಿ ಆಡುತ್ತಿಲ್ಲ, ಅವರಿಗೆ ಚೆಂಡೇ ಸಿಗುತ್ತಿಲ್ಲ. ಫಿಜಿಗೆ ಅದು ಚಿನ್ನ ಮಾತ್ರವಲ್ಲ, ಯಾವುದೇ ಒಲಿಂಪಿಕ್ಸ್‌ನಲ್ಲಿ ಬಂದ ಮೊಟ್ಟಮೊದಲ ಪದಕ. ಪದಕ ಕೊಡಲು ಬಂದದ್ದು ಬ್ರಿಟನ್ನಿನ ರಾಜಕುಮಾರಿ ಆನ್. ಆಟಗಾರರು ಒಬ್ಬೊಬ್ಬರೇ ಮಂಡಿಯೂರಿ ತೆಗೆದುಕೊಂಡರು. ಇದನ್ನು ಗುಲಾಮಗಿರಿಯ ಪಳೆಯುಳಿಕೆ ಅಂತ ಓದಬಹುದು, ಫಿಜಿಯ ಶಿಷ್ಟಾಚಾರ ಅಂತಲೂ ಓದಬಹುದು. 43–7ರಿಂದ ಗೆದ್ದವನು ಮಂಡಿಯೂರಿದರೆ ಅದರ ಅರ್ಥ ಬೇರೆಯಾಗುತ್ತದೆ ಅಂತ ನನಗನ್ನಿಸುತ್ತದೆ.

ಮುಂದಿನದು ಶುದ್ಧ ರಾಜಕೀಯ. 2014ರಲ್ಲಿ ಚುನಾವಣೆ ಗೆದ್ದು ಪ್ರಧಾನಿಯಾಗಿದ್ದ ಬೈನಿಮರಾಮ ಅವರೇ ರಗ್ಬಿ ಒಕ್ಕೂಟದ ಅಧ್ಯಕ್ಷರೂ ಆಗಿದ್ದರು. ಕ್ರಿಕೆಟ್ ಮಂಡಳಿಗಳನ್ನು ನೋಡಿ ಬೆಳೆದ ನಮಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. 2015ರಿಂದ ಅವರು ರಾಷ್ಟ್ರಧ್ವಜದ ಮೂಲೆಯಲ್ಲಿರುವ ಬ್ರಿಟಿಷ್ ಯೂನಿಯನ್ ಜ್ಯಾಕ್ ತೆಗೆಸಿ ಹೊಸ ಧ್ವಜ ತರಲು ಹೊರಟಿದ್ದರು. ರಿಯೊದಲ್ಲಿ, ಸುವಾದ ಬೀದಿಗಳಲ್ಲಿ ಜನ ಹಳೆಯ ಧ್ವಜವನ್ನೇ ಹೊದ್ದು ಕುಣಿದರು. ಚಿನ್ನ ಬಂದು ವಾರವೊಂದಾಗುವಷ್ಟರಲ್ಲಿ ಪ್ರಧಾನಿ ಯೋಜನೆ ಕೈಬಿಟ್ಟರು. ವಸಾಹತುಶಾಹಿಯನ್ನು ಮೈದಾನದಲ್ಲಿ ಸೋಲಿಸಿದ ಗೆಲುವೇ ವಸಾಹತಿನ ಗುರುತನ್ನು ಧ್ವಜದಲ್ಲಿ ಉಳಿಸಿತು! 2017ರಲ್ಲಿ ಫಿಜಿ ಏಳು ಡಾಲರಿನ ನೋಟನ್ನೂ ಹೊರತಂದಿತು, ಅದರ ಮೇಲೆ ನಾಯಕ ಒಸೇಯ ಕೊಲಿನಿಸಾವು. ಏಳರ ನೋಟು ಚಿಲ್ಲರೆ ಕೊಡಲು ಎಷ್ಟು ಕಿರಿಕಿರಿ ಅಂತ ಅಂಗಡಿಯವರನ್ನೇ ಕೇಳಬೇಕು.

ತಂಡದಲ್ಲಿ ಯಾರಿಲ್ಲ?

ರಿಯೊ ತಂಡದ ಹೆಸರುಗಳನ್ನು ಓದಿ: ಕೊಲಿನಿಸಾವು, ಟುವಾಯಿ, ಟುಇಸೋವ, ನಕರಾವ, ಮಾತಾ, ರವೋವು… ಭಾರತ ಮೂಲದವರ ಒಂದೂ ಹೆಸರಿಲ್ಲ. 2007ರ ಜನಗಣತಿಯ ಪ್ರಕಾರ ಅವರು ದೇಶದ 37 ಶೇಕಡ.

ಇದನ್ನು ‘ಅವರಿಗೆ ಮೈಕಟ್ಟು ಸಾಲದು’ ಅಂತ ಹೇಳಿ ಮುಗಿಸುವವರಿದ್ದಾರೆ. ಇತಿಹಾಸ ಬೇರೆ ಹೇಳುತ್ತದೆ. ರಗ್ಬಿ ಬೆಳೆದದ್ದು ಸೇನೆ, ಹಳ್ಳಿ, ಚರ್ಚು, ಇತೌಕೇಯಿ ಶಾಲೆಗಳ ಮೂಲಕ. ಗಿರ್ಮಿಟಿಯರು ತೋಟದ ಕೂಲಿ ಲೈನುಗಳಲ್ಲಿದ್ದರು, ಅವರ ಆಟ ಫುಟ್‌ಬಾಲ್ ಆಯಿತು. ಎರಡು ಸಮುದಾಯ, ಎರಡು ಚೆಂಡು. ಫಿಜಿಯಲ್ಲಿ ಹುಟ್ಟಿದ ಭಾರತ ಮೂಲದವರಲ್ಲಿ ಕ್ರೀಡಾ ಪ್ರತಿಭೆಗೇನೂ ಬರವಿಲ್ಲ. ಗಾಲ್ಫ್‌ನಲ್ಲಿ ವಿಶ್ವದ ನಂಬರ್ ಒನ್ ಆದ ವಿಜಯ್ ಸಿಂಗ್ ಲೌಟೋಕಾದವರು. ಇನ್ನೊಬ್ಬರನ್ನು ನಮ್ಮ ಕಂಠೀರವ ಕ್ರೀಡಾಂಗಣಕ್ಕೆ ಹೋಗುವವರು ಕಣ್ಣಾರೆ ನೋಡಿದ್ದಾರೆ: ರಾಯ್ ಕೃಷ್ಣ. ಲಬಾಸಾದ ಹುಡುಗ, 2022–23ರಲ್ಲಿ ಬೆಂಗಳೂರು ಎಫ್‌ಸಿಗೆ ಆಡಿದವರು.

ಈ ರಾಯ್ ಕೃಷ್ಣ ಕೂಡ ರಿಯೊದಲ್ಲಿದ್ದರು, ಫುಟ್‌ಬಾಲ್ ತಂಡದಲ್ಲಿ. ಫಿಜಿ ಅಲ್ಲಿ ದಕ್ಷಿಣ ಕೊರಿಯಾಗೆ 8–0, ಜರ್ಮನಿಗೆ 10–0 ಸೋತಿತು. ಮೆಕ್ಸಿಕೊ ವಿರುದ್ಧ 5–1. ಆ ಒಂದು ಗೋಲು ಅವರದು. ಅದೇ ಒಲಿಂಪಿಕ್ಸ್, ಅದೇ ಧ್ವಜ, ಅದೇ ವಾರಗಳು. ನೋಟಿನ ಮೇಲೆ ಬಂದದ್ದು ಒಂದು ಚೆಂಡು ಮಾತ್ರ. ಸೆವೆನ್ಸ್ ಗೆದ್ದಾಗ ಭಾರತ ಮೂಲದವರೂ ಬೀದಿಗೆ ಬಂದು ಕುಣಿಯುತ್ತಾರೆ, ಅದು ಸುಳ್ಳಲ್ಲ. ಆದರೆ ‘ತಂಡ ನಮ್ಮನ್ನೆಲ್ಲ ಒಂದು ಮಾಡಿತು’ ಅನ್ನೋ ಘೋಷಣೆಯನ್ನು ಸರ್ಕಾರ ಕೂಗಿದಾಗ ಒಂದು ಕ್ಷಣ ನಿಂತು ಯೋಚಿಸುವುದು ಒಳ್ಳೆಯದು. ಚಪ್ಪಾಳೆ ತಟ್ಟುವ ಪಾಲು ಎಲ್ಲರಿಗೂ ಸಿಕ್ಕಿದೆ, ಆಡುವ ಪಾಲು ಇನ್ನೂ ಸಿಕ್ಕಿಲ್ಲ.

ಟೋಕಿಯೊ, ಪ್ಯಾರಿಸ್

2021ರ ಟೋಕಿಯೊಗೆ ಹೋಗುವಾಗ ಫಿಜಿಯಲ್ಲಿ ಕೋವಿಡ್ ಡೆಲ್ಟಾ ಅಲೆ. ಆಟಗಾರರು ತಿಂಗಳುಗಟ್ಟಲೆ ಮನೆ ಕಂಡಿರಲಿಲ್ಲ. ಪ್ರಯಾಣಿಕ ವಿಮಾನ ಸಿಗದೆ, ಮೀನು ಸಾಗಿಸುವ ಸರಕು ವಿಮಾನದಲ್ಲಿ ಹೋದರು. ಗರೆತ್ ಬೇಬರ್ ಕೋಚ್, ಜೆರಿ ಟುವಾಯಿ ನಾಯಕ. ಕ್ವಾರ್ಟರ್‌ಫೈನಲ್‌ನಲ್ಲಿ ಆಸ್ಟ್ರೇಲಿಯಾಕ್ಕೆ ಒಂದೂ ಅಂಕ ಕೊಡಲಿಲ್ಲ, 19–0. ಫೈನಲ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 27–12. ಎರಡೂ ಚಿನ್ನದಲ್ಲಿ ಆಡಿದವರು ಟುವಾಯಿ ಒಬ್ಬರೇ. ಸುವಾದ ಅಂಚಿನ ನ್ಯೂಟೌನ್ ಎಂಬ ಬಡ ಬಡಾವಣೆಯಲ್ಲಿ ಪ್ಲಾಸ್ಟಿಕ್ ಬಾಟಲಿಯನ್ನೇ ಚೆಂಡು ಮಾಡಿಕೊಂಡು ಆಡಿ ಬೆಳೆದವರು.

2024ರ ಪ್ಯಾರಿಸ್‌ನಲ್ಲಿ ಆ ಕೊಲಿನಿಸಾವು ಈಗ ಕೋಚ್. ಫೈನಲ್ ಮುಟ್ಟುವಷ್ಟರಲ್ಲಿ ಮೂರು ಒಲಿಂಪಿಕ್ಸ್ ಸೇರಿ 17 ಪಂದ್ಯ, 17 ಗೆಲುವು. ಗುಂಪು ಹಂತದಲ್ಲಿ ಫ್ರಾನ್ಸನ್ನೂ 19–12ರಿಂದ ಸೋಲಿಸಿಯಾಗಿತ್ತು. ಹದಿನೆಂಟನೆಯದರಲ್ಲಿ ಅದೇ ಫ್ರಾನ್ಸ್ 28–7. ಹದಿನೈದರ ಆಟದ ಸೂಪರ್‌ಸ್ಟಾರ್ ಆಂಟ್ವಾನ್ ಡ್ಯೂಪಾಂಟ್ ದ್ವಿತೀಯಾರ್ಧದಲ್ಲಿ ಇಳಿದು ಎರಡು ಟ್ರೈ ಹೊಡೆದರು. ಒಲಿಂಪಿಕ್ಸ್‌ನಲ್ಲಿ ಫಿಜಿಯ ಪುರುಷರು ಸೋತ ಮೊದಲ ಪಂದ್ಯ ಅದು.

ಮಹಿಳೆಯರ ತಂಡ ‘ಫಿಜಿಯಾನಾ’ದ ಬಗ್ಗೆ ಪ್ರತ್ಯೇಕವಾಗಿಯೇ ಬರೆಯಬೇಕು. ಟೋಕಿಯೊ ಸೆಮಿಯಲ್ಲಿ ನ್ಯೂಜಿಲೆಂಡನ್ನು ಹೆಚ್ಚುವರಿ ಅವಧಿಯವರೆಗೆ ಎಳೆದು 22–17ರಿಂದ ಸೋತರು, ಆಮೇಲೆ ಬ್ರಿಟನ್ನನ್ನು 21–12ರಿಂದ ಸೋಲಿಸಿ ಕಂಚು ಗೆದ್ದರು. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್‌ನಲ್ಲಿ ಬೆಳ್ಳಿ. ಪುರುಷರಿಗೆ ಸಿಕ್ಕಿದ್ದೂ ಅದೇ.

ಗೆದ್ದರೂ ದುಡ್ಡು ಯಾರಿಗೆ?

ಸುಮಾರು ಒಂಬತ್ತು ಲಕ್ಷ ಜನರ ದೇಶ. ನಮ್ಮ ಹುಬ್ಬಳ್ಳಿ-ಧಾರವಾಡದಷ್ಟು. ಇಷ್ಟೆಲ್ಲ ಗೆದ್ದರೂ, 1999ರಿಂದ 2024ರವರೆಗಿನ ವಿಶ್ವ ಸರಣಿಯಲ್ಲಿ ಫಿಜಿಯಲ್ಲಿ ನಡೆದದ್ದು ಒಂದೇ ಒಂದು ಹಂತ, ಅದೂ ಮೊದಲ ಋತುವಿನಲ್ಲಿ. ಟಿಕೆಟ್, ಬಿಯರು, ಹೋಟೆಲ್ ವ್ಯಾಪಾರವೆಲ್ಲ ಹಾಂಗ್‌ಕಾಂಗ್, ದುಬೈ, ಲಂಡನ್ನಿನದು. ಜಾಗತಿಕ ಒಕ್ಕೂಟ ವರ್ಲ್ಡ್ ರಗ್ಬಿಯ ಆಡಳಿತ ಮಂಡಳಿಯಲ್ಲಿ ಫಿಜಿ ಮತ್ತು ಸಮೋವಾಕ್ಕೆ ತಮ್ಮದೇ ಕುರ್ಚಿ ಸಿಕ್ಕಿದ್ದು 2018ರಲ್ಲಿ, ಅಂದರೆ ಒಲಿಂಪಿಕ್ಸ್ ಚಿನ್ನ ಗೆದ್ದು ಎರಡು ವರ್ಷದ ಮೇಲೆ!

ಸೆವೆನ್ಸ್‌ನಲ್ಲಿ ಮಿಂಚಿದ ಹುಡುಗನಿಗೆ ಮುಂದಿನ ಮೆಟ್ಟಿಲು ಯುರೋಪಿನ ಹದಿನೈದರ ಕ್ಲಬ್. ಟುಇಸೋವ ಫ್ರಾನ್ಸಿನ ಟುಲಾನ್‌ನಲ್ಲಿ, ಮಾತಾ ಎಡಿನ್‌ಬರೋದಲ್ಲಿ, ನಕರಾವ ಗ್ಲಾಸ್ಗೋ, ಪ್ಯಾರಿಸ್ ಕ್ಲಬ್‌ಗಳಲ್ಲಿ ಆಡಿದರು. ಇನ್ನು ಕೆಲವರು ಬೇರೆ ದೇಶದ ಜೆರ್ಸಿಯನ್ನೇ ಹಾಕಿದರು: ಜೋ ರೊಕೊಕೊಕೊ, ಸಿಟಿವೇನಿ ಸಿವಿವಾಟು, ಸೆವು ರೀಸ್ ನ್ಯೂಜಿಲೆಂಡಿಗೆ, ಮರಿಕಾ ಕೊರೊಯ್‌ಬೆಟೆ ಆಸ್ಟ್ರೇಲಿಯಾಕ್ಕೆ. ಎಲ್ಲರೂ ಫಿಜಿಯಲ್ಲಿ ಹುಟ್ಟಿದವರು. ಹೋದವರನ್ನು ದೂರೋದು ಸುಲಭ. ಊರಿಗೆ ದುಡ್ಡು ಕಳಿಸುವುದು ಅವರೇ ಅನ್ನೋದನ್ನು ಮರೆತರೆ ಮಾತ್ರ. 2022ರಲ್ಲಿ ಫಿಜಿಯನ್ ಡ್ರುವಾ ತಂಡ ಸೂಪರ್ ರಗ್ಬಿ ಸೇರಿದ ಮೇಲೆ ಮನೆಯಲ್ಲೇ ಇದ್ದು ವೃತ್ತಿಪರನಾಗುವ ದಾರಿಯೊಂದು ತೆರೆಯಿತು. ಅದೂ ಹದಿನೈದರ ಆಟ, ಸೆವೆನ್ಸ್‌ಗೆ ಸಿಗುವ ಹುಡುಗರ ಮೇಲೆ ಅದರ ಎಳೆತವೂ ಇದ್ದೇ ಇರುತ್ತದೆ.

ರಾಜಕೀಯದ ಕಡೆ ನೋಡಿದರೆ, 2022ರ ಡಿಸೆಂಬರ್ ಚುನಾವಣೆಯ ನಂತರ ಬೈನಿಮರಾಮ ಅಧಿಕಾರ ಕಳೆದುಕೊಂಡರು. ಆ ಕುರ್ಚಿಗೆ ಬಂದವರು 1987ರ ದಂಗೆಕೋರ ರಬುಕಾ ಅವರೇ. 2023ರ ಮೇ 14ರಂದು, ಮೊದಲ ಗಿರ್ಮಿಟ್ ಹಡಗು ಲಿಯೋನಿಡಾಸ್ ಫಿಜಿ ಮುಟ್ಟಿದ ದಿನದ ನೆನಪಿನಲ್ಲಿ, ಅವರು ಆ ದಂಗೆಗಾಗಿ ಭಾರತ ಮೂಲದವರ ಕ್ಷಮೆ ಕೇಳಿದರು. ಗಿರ್ಮಿಟ್ ದಿನ ಈಗ ಅಲ್ಲಿ ಸಾರ್ವಜನಿಕ ರಜೆ.

ಕಾಮನ್‌ವೆಲ್ತ್ ಪಟ್ಟಿಯಲ್ಲಿ ಚಿನ್ನ ಮಾತ್ರ ಇನ್ನೂ ಬಾಕಿ. 2018ರ ಫೈನಲ್ ನ್ಯೂಜಿಲೆಂಡಿಗೆ 14–0, 2022ರದ್ದು ದಕ್ಷಿಣ ಆಫ್ರಿಕಕ್ಕೆ 31–7. ಖರ್ಚು ಇಳಿಸಿ 10 ಕ್ರೀಡೆಗಳಿಗೆ ಕುಗ್ಗಿಸಿರುವ 2026ರ ಗ್ಲಾಸ್ಗೋ ಕೂಟದಲ್ಲಿ ರಗ್ಬಿ ಸೆವೆನ್ಸ್ ಇಲ್ಲ. ಅದಾದ ಮೇಲಿನದು 2030ರಲ್ಲಿ, ಅಹಮದಾಬಾದಿನಲ್ಲಿ.